ಪಿಡುಗು ಅಂದರೆ ಸಿಡಿಲು ಕಣ್ರೀ!

ಮಳೆಗಾಲದ ಒಂದು ಮಧ್ಯಾಹ್ನ. ಏಳನೇ ತರಗತಿಯಲ್ಲಿ ಸಮಾಜ ಪಾಠ ನಡೆದಿತ್ತು. ಜೇಬಿನಲ್ಲಿದ್ದ ಮೊಬೈಲು ಟಿಂಗ್ ಅಂತು. ನೋಡಿದರೆ ತೆಲುಗಿನಲ್ಲಿ ಒಂದು ಸರಕಾರಿ ಸಂದೇಶ. ಪಾಠ ಹೇಗಿದ್ದರೂ ಸಪ್ಪೆಯಾಗಿತ್ತು. ಮುಂದಿನ ಸಾಲಿನ ಹುಡುಗನ ಕೈಗೆ ಫೋನು ಕೊಟ್ಟು, "ಇದನ್ನ ಓದಿ ಕನ್ನಡದಾಗ ಹೇಳಪ್ಪ" ಅಂದೆ. ನಮ್ಮ ಮಕ್ಕಳಿಗೆ ತೆಲುಗು ಅಕ್ಷರ ಕಷ್ಟವಲ್ಲ. ಎರಡೂ ಲಿಪಿ ಅಕ್ಕತಂಗಿಯರ ಹಾಗೆ, ತಲೆಕಟ್ಟು ಒಂದಿಷ್ಟು ಬೇರೆ ಅಷ್ಟೆ. ಹುಡುಗ ತಡವರಿಸದೆ ಓದಿದ: "ಪಿಡುಗುಲತೋ ಕೂಡಿನ ಭಾರೀ ವರ್ಷಾಲು ಕುರಿಸೇ ಅವಕಾಶಂ. ವಾಗುಲು, ವಂಕಲು ಪೊಂಗೇ ಪ್ರಮಾದಂ. ಪ್ರಜಲು ಅಪ್ರಮತ್ತಂಗಾ ಉಂಡಾಲಿ."

"ಏನು ಅರ್ಥ ಆತು?"

"ಪಿಡುಗುಗಳ ಜೊತಿಗೆ ದೊಡ್ಡ ಮಳಿ ಸುರಿಯೋ ಅವಕಾಶ ಸಿಕ್ಕೈತಂತೆ ಸಾರ್. ವಾಗು, ವಂಕ ಏನೋ ಮಾಡಿದ್ರೆ ಪ್ರಮಾದ ಅಂತೆ. ಪ್ರಜೆಗಳು ಏನೋ ಆಗಿರಬೇಕಂತೆ."

"ಪ್ರಮಾದ ಅಂದ್ರೆ?"

"ತಪ್ಪು ಸಾರ್."

"ಪಿಡುಗು ಅಂದ್ರೆ?"

ಅದಕ್ಕೆ ಹಿಂದಿನ ಬೆಂಚಿನಿಂದ ಉತ್ತರ ಬಂತು. "ವರದಕ್ಷಿಣೆ ಪಿಡುಗು ಸಾರ್!" ಹೋದ ವಾರವೇ ಆ ವಿಷಯದ ಮೇಲೆ ಪ್ರಬಂಧ ಬರೆಸಿದ್ದೆ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.

ನಗು ಎಷ್ಟು ಹೊತ್ತು ಅಂತೀರಾ? ನಾಲ್ಕು ಗಂಟೆಗೆ ಬೆಲ್ ಹೊಡೆದು ಮಕ್ಕಳನ್ನು ಕಳಿಸಿದೆವು. ನಮ್ಮ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಪಶ್ಚಿಮಕ್ಕೆ ಗುಡ್ಡದ ಕಡೆ ಮಾತ್ರ ಮೋಡ ಕಪ್ಪಗೆ ಕಟ್ಟಿತ್ತು, ಆಗೊಮ್ಮೆ ಈಗೊಮ್ಮೆ ಗುಡುಗುತ್ತಿತ್ತು. ಹಳ್ಳದ ಆಚೆಯ ಮಜಿರೆಯಿಂದ ಬರುವ ಇಬ್ಬರು ಹುಡುಗಿಯರು ಎಂದಿನಂತೆ ತಗ್ಗು ಸೇತುವೆಗೆ ಇಳಿದರು. ದಡದಲ್ಲಿ ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಕೋಲು ಅಡ್ಡ ಹಿಡಿದು ಕೂಗಿದನಂತೆ: "ಹಳ್ಳ ಬಂತು! ನಿಂದ್ರಿ!" ಅವರು ನಿಂತರು. ಸ್ವಲ್ಪ ಹೊತ್ತಿಗೆ ಕಸ ಕಡ್ಡಿ ನೊರೆ ಹೊತ್ತುಕೊಂಡು ಕೆಂಪು ನೀರು ಸೇತುವೆಯ ಮೇಲೆ ಹರಿಯಿತು. ಹುಡುಗಿಯರು ಆ ರಾತ್ರಿ ಊರಿನಲ್ಲೇ ಒಬ್ಬರ ಮನೆಯಲ್ಲಿ ಮಲಗಿ, ಬೆಳಿಗ್ಗೆ ನೇರವಾಗಿ ಶಾಲೆಗೇ ಬಂದರು.

ನನ್ನ ಫೋನಿನಲ್ಲಿದ್ದ ಸಂದೇಶ ಸುಳ್ಳಾಗಿರಲಿಲ್ಲ, ಸರಿಯಾದ ಹೊತ್ತಿಗೇ ಬಂದಿತ್ತು. ಅಜ್ಜನ ಬಳಿ ಫೋನೂ ಇರಲಿಲ್ಲ. ಆದರೆ ಮಕ್ಕಳನ್ನು ಉಳಿಸಿದ್ದು ಯಾವುದು?

ಗಡಿಯೀಚೆಗೆ ಬದುಕದ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ತೆಲುಗಿನ ಪಿಡುಗು ಅಂದರೆ ಸಿಡಿಲು. ನಮ್ಮ ಪಿಡುಗು ಅಂದರೆ ಕಾಟ, ಪೀಡೆ. ಅವರ ಅವಕಾಶಂ ಅಂದರೆ ಹಾಗಾಗುವ ಸಂಭವ, ನಮ್ಮ ಅವಕಾಶ ಒಳ್ಳೆಯದಕ್ಕೆ ಸಿಗುವ ಎಡೆ. ಅವರ ಪ್ರಮಾದಂ ಅಪಾಯ, ನಮ್ಮ ಪ್ರಮಾದ ತಪ್ಪು. ಇನ್ನು ಅವರ ವರದ ಅಂದರೆ ನೆರೆ, ಪ್ರವಾಹ. ನಮಗೆ ವರದ ಅಂದರೆ ವರ ಕೊಡುವವನು! ಪೂರ್ತಿ ಪರಭಾಷೆಯಾಗಿದ್ದರೆ "ಗೊತ್ತಾಗಲಿಲ್ಲ" ಅಂತ ಇನ್ನೊಬ್ಬರನ್ನು ಕೇಳುತ್ತೇವೆ. ಇದು ಹಾಗಲ್ಲ. ಅಕ್ಷರ ಗೊತ್ತು, ಪದ ಗೊತ್ತು, ಅರ್ಥ ಮಾತ್ರ ಉಲ್ಟಾ. ಗೊತ್ತಾಗಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

ಈ ಮಾತು ಹೇಳಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಅನ್ನುತ್ತಾರೆ: "ಏನ್ ಸಾರ್, ಆದೋನಿ ಕಡೆ ತೆಲುಗು ಬರದವರು ಯಾರಿದ್ದಾರೆ?" ನಿಜ, ಸಂತೆಗೆ ಸಾಕಾಗುವಷ್ಟು ತೆಲುಗು ಎಲ್ಲರಿಗೂ ಬರುತ್ತದೆ. ಹತ್ತಿ ಮಾರುಕಟ್ಟೆಯಲ್ಲಿ ದರ ಕೇಳುವಷ್ಟು, ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಆಡುವಷ್ಟು ನನಗೂ ಬರುತ್ತದೆ. ದೊಡ್ಡವರಿಗೆ ಪಿಡುಗು ಪದವೂ ಗೊತ್ತು. ಆದರೆ ಸಂದೇಶದ ತೆಲುಗು ಸಂತೆಯ ತೆಲುಗಲ್ಲ, ಕಚೇರಿಯ ತೆಲುಗು. ಅಪ್ರಮತ್ತಂಗಾ ಅಂತ ಯಾವ ತೆಲುಗು ಅಜ್ಜಿ ಮನೆಯಲ್ಲಿ ಮಾತಾಡುತ್ತಾಳೆ ತೋರಿಸಿ! ಅಂದಮೇಲೆ ಈ ವಿಷಯದಲ್ಲಿ ತೆಲುಗಿನವರ ಕಷ್ಟವೂ ನಮ್ಮ ಕಷ್ಟವೂ ಅರ್ಧ ಒಂದೇ. ನಾನು ತೆಲುಗಿನ ಮೇಲೆ ಜಗಳಕ್ಕೆ ನಿಂತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಆದೋನಿಯಲ್ಲಿ ಉರ್ದು ಮಾತಾಡುವವರೂ ಸಾಕಷ್ಟಿದ್ದಾರೆ. 2022ರಲ್ಲಿ ಉರ್ದುವನ್ನು ಈ ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡಿದರು, ಒಳ್ಳೆಯದೇ ಆಯಿತು. ಸಿಡಿಲು ಯಾರ ಮಾತೃಭಾಷೆಯನ್ನೂ ಕೇಳಿ ಬೀಳುವುದಿಲ್ಲ.

ಇನ್ನೊಂದು ವಾದ: "ಇಲ್ಲಿ ಮಳೆಯೇ ಇಲ್ಲ, ಬರದ ಸೀಮೆಯಲ್ಲಿ ನೆರೆಯ ಮಾತು ಯಾಕೆ?" ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕಾಗಿದೆ.

ಬರದ ಸೀಮೆಯಲ್ಲಿಯೇ ಹಳ್ಳ ಹೆಚ್ಚು ಕೊಲ್ಲುವುದು. ಮಲೆನಾಡಿನ ಹೊಳೆ ವರ್ಷದಲ್ಲಿ ಆರು ತಿಂಗಳು ತುಂಬಿ ಹರಿಯುತ್ತದೆ, ಅಲ್ಲಿಯ ಮಗು ಅದರ ಭಯದಲ್ಲೇ ಬೆಳೆಯುತ್ತದೆ. ನಮ್ಮ ಹಳ್ಳ ವರ್ಷದಲ್ಲಿ ಹತ್ತು ತಿಂಗಳು ಮರಳು. ಅದು ನಮಗೆ ದಾರಿ, ಆಟದ ಬಯಲು, ಬಯಲುಕಡೆಗೆ ಹೋಗುವ ಜಾಗ, ಚೆಲುಮೆ ತೋಡಿ ನೀರು ತುಂಬುವ ಜಾಗ. ಅದರ ಮೇಲೆ ಯಾರಿಗೂ ಹೆದರಿಕೆ ಇಲ್ಲ. ಒಂದೇ ಸಲ ಗುಡುಗು ಮಳೆ ಗುಡ್ಡದ ಮೇಲೆ ಒಂದೆರಡು ತಾಸು ಸುರಿದರೆ, ಬಂಡೆಗಲ್ಲಿನ ಗುಡ್ಡ ಒಂದು ಹನಿಯನ್ನೂ ಕುಡಿಯುವುದಿಲ್ಲ. ಕೆಳಗಿನ ಎರೆಭೂಮಿ ಮೊದಲು ಬಿರುಕಿನಲ್ಲಿ ಒಂದಿಷ್ಟು ಕುಡಿಯುತ್ತದೆ, ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಂಡು ಜಾರುಬಂಡಿಯಾಗುತ್ತದೆ. ಎಲ್ಲ ನೀರೂ ಒಮ್ಮೆಗೇ ಹಳ್ಳಕ್ಕೆ. ಮಳೆ ಬಿದ್ದದ್ದು ಒಂದು ಊರಲ್ಲಿ, ನೀರು ಬರುವುದು ಇನ್ನೊಂದು ಊರಿಗೆ. ಹಳ್ಳ ದಾಟುವವನ ತಲೆಯ ಮೇಲೆ ಬಿಸಿಲು ಇರಬಹುದು! ಇದನ್ನೇ ಹವಾಮಾನದವರು ದಿಢೀರ್ ಪ್ರವಾಹ ಅನ್ನುತ್ತಾರೆ. ಮಳೆ ಬಿದ್ದು ಆರು ತಾಸಿನ ಒಳಗೆ ಏರುವ ನೀರು. ವೇಗವಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡ ಮನುಷ್ಯನ ಕಾಲು ತಪ್ಪಿಸುತ್ತದೆ, ಒಂದು ಅಡಿಯಾದರೆ ಸಣ್ಣ ಕಾರನ್ನು ಎತ್ತುತ್ತದೆ, ಎರಡು ಅಡಿಯಾದರೆ ಹೆಚ್ಚಿನ ಗಾಡಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮೂವತ್ತು ಕಿಲೋ ತೂಕದ ಏಳನೇ ತರಗತಿಯ ಹುಡುಗಿಗೆ ಎಷ್ಟು ಬೇಕು, ನೀವೇ ಲೆಕ್ಕ ಹಾಕಿ.

ಮತ್ತೆ, ಮಳೆಗಾಗಿ ದೇವರಿಗೆ ಹರಕೆ ಹೊರುವ ಸೀಮೆಯಲ್ಲಿ "ಭಾರಿ ಮಳೆ ಬರುತ್ತದೆ" ಅನ್ನುವುದು ಎಚ್ಚರಿಕೆಯಾಗಿ ಕೇಳಿಸುವುದಿಲ್ಲ, ಸಿಹಿ ಸುದ್ದಿಯಾಗಿ ಕೇಳಿಸುತ್ತದೆ. ನಮ್ಮ ಹುಡುಗ "ಅವಕಾಶ ಸಿಕ್ಕೈತಂತೆ" ಅಂದದ್ದು ಆ ಲೆಕ್ಕದಲ್ಲಿ ಪೂರ್ತಿ ತಪ್ಪೂ ಅಲ್ಲ ಬಿಡಿ.

2009 ನೆನಪಿದೆಯಾ? ಆ ವರ್ಷ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಮುಗಿದಿತ್ತು. ಅದಕ್ಕೆ ಮುಂಚೆ ಮಳೆ ಕೈಕೊಟ್ಟ ವರ್ಷ ಅಂತಲೇ ಎಲ್ಲರೂ ಗೊಣಗುತ್ತಿದ್ದರು. ತಿಂಗಳ ಕೊನೆಗೆ ಉತ್ತರ ಕರ್ನಾಟಕ, ರಾಯಲಸೀಮೆಯ ಮೇಲೆ ಒಂದೇ ಸಮ ಸುರಿಯಿತು. ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, ಮಂತ್ರಾಲಯದಲ್ಲಿ ತುಂಗಭದ್ರೆ ಮಠದೊಳಕ್ಕೇ ನುಗ್ಗಿತು. ಭಕ್ತರು ಮಹಡಿಗಳ ಮೇಲೆ ಸಿಕ್ಕಿಬಿದ್ದರು. ಕರ್ನೂಲು ಪಟ್ಟಣ ಮುಳುಗಿತು, ತುಂಗಭದ್ರೆಯೂ ಹಂದ್ರಿಯೂ ಕೂಡಿ ಮುಳುಗಿಸಿದವು. ಕೆಳಗೆ ಶ್ರೀಶೈಲಕ್ಕೆ 25 ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಂತು. ಆ ಅಣೆಕಟ್ಟನ್ನು ಸುಮಾರು 19 ಲಕ್ಷಕ್ಕೆ ಲೆಕ್ಕ ಹಾಕಿ ಕಟ್ಟಿದ್ದರು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಶಾಲೆಗಳಿಗೆ ರಜೆ ಇದ್ದದ್ದು ಪುಣ್ಯ.

ಆಗ ಎಲ್ಲರೂ ಹೊಸಪೇಟೆಯ ಡ್ಯಾಮಿನ ಕಡೆಗೆ ಬೆರಳು ತೋರಿಸಿದರು. ನಮಗೆ ನೆರೆ ಅಂದರೆ ಡ್ಯಾಮಿನ ಗೇಟು ತೆಗೆದದ್ದು ಅಂತಲೇ ಅಭ್ಯಾಸ. ಆದರೆ ಆ ಸಲದ ನೀರನ್ನು ಡ್ಯಾಮ್ ಒಂದರ ಲೆಕ್ಕದಲ್ಲಿ ಹೊಂದಿಸಲಾಗದು. ಡ್ಯಾಮಿನ ಕೆಳಗೆ ಬಳ್ಳಾರಿ, ರಾಯಚೂರು, ಕರ್ನೂಲು ಸೀಮೆಯಲ್ಲಿ ಬಿದ್ದ ಮಳೆ, ಹಗರಿ, ಹೆಸರಿರುವ ಹೆಸರಿಲ್ಲದ ನೂರಾರು ಹಳ್ಳಗಳು, ಎಲ್ಲವೂ ಸೇರಿ ತಂದ ನೀರು ಅದು. ದೊಡ್ಡ ಹೊಳೆಗೆ ಕಾವಲು ಇದೆ. ಮಂತ್ರಾಲಯದಲ್ಲಿ ಕೇಂದ್ರ ಜಲ ಆಯೋಗದ ನೆರೆ ಮುನ್ಸೂಚನೆಯ ಕೇಂದ್ರವಿದೆ, ಡ್ಯಾಮಿನಿಂದ ಬಿಟ್ಟ ನೀರು ಎಷ್ಟು ತಾಸಿಗೆ ಎಲ್ಲಿಗೆ ಬರುತ್ತದೆ ಅಂತ ಲೆಕ್ಕವಿದೆ. ನಮ್ಮ ಹಳ್ಳಗಳಿಗೆ ಏನಿದೆ? ಆ ಕುರಿ ಕಾಯುವ ಅಜ್ಜ ಇದ್ದಾನೆ.

ಹಾಗಂತ ವಿಜ್ಞಾನ ಸುಮ್ಮನೆ ಕೂತಿಲ್ಲ. ಭಾರತ ಹವಾಮಾನ ಇಲಾಖೆ ಈಗ ಗುಡುಗು ಮಳೆಗೆ ಮೂರು ತಾಸಿನ ಮುನ್ಸೂಚನೆ ಕೊಡುತ್ತದೆ. 2020ರ ಅಕ್ಟೋಬರಿನಿಂದ ದಕ್ಷಿಣ ಏಷ್ಯಾಕ್ಕೆಲ್ಲ ದಿಢೀರ್ ಪ್ರವಾಹದ ಮಾರ್ಗದರ್ಶನ ಕೊಡುವ ವ್ಯವಸ್ಥೆಯನ್ನು ನಮ್ಮ ದೇಶವೇ ನಡೆಸುತ್ತಿದೆ. ನೆಲ ಎಷ್ಟು ನೆನೆದಿದೆ, ಇನ್ನೆಷ್ಟು ಮಳೆ ಬಿದ್ದರೆ ಹಳ್ಳ ಉಕ್ಕುತ್ತದೆ ಅಂತ ಆರು ತಾಸು ಮುಂಚೆ ಅಂದಾಜು ಹೇಳುವ ವ್ಯವಸ್ಥೆ. 2023ರಲ್ಲಿ ದೇಶದ ಎಲ್ಲರ ಫೋನೂ ಒಂದೊಂದು ದಿನ ಕಿಟಾರನೆ ಕಿರುಚಿದ್ದು ನೆನಪಿರಬಹುದು. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನಿಗೂ ಒಮ್ಮೆಗೇ ಎಚ್ಚರಿಕೆ ಮುಟ್ಟಿಸುವ ಪರೀಕ್ಷೆ ಅದು. ಸಚೇತ್ ಅನ್ನುವ ಆ ವ್ಯವಸ್ಥೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ, ಬೇಕಾದ ಜಾಗಕ್ಕಷ್ಟೇ ಕಳಿಸುವ ಹಾಗೆ ಮಾಡಿದ್ದಾರೆ. ಅಂದರೆ ಯಂತ್ರಕ್ಕೆ ಕನ್ನಡ ಬರುತ್ತದೆ. ಹೊಳಗುಂದದ ಟವರಿಗೆ ಕನ್ನಡದಲ್ಲಿ ಕಳಿಸು ಅಂತ ಯಾರೂ ಅದಕ್ಕೆ ಹೇಳಬೇಕಾಗಿದೆ ಅಷ್ಟೆ.

ಗಡಿಯಾಚೆ ನೋಡಿ. ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಕೂರಿಸಿದೆ. ಅವರು ಹೊರತಂದ ಆ್ಯಪಿನ ಹೆಸರೇ "ಸಿಡಿಲು". ಎಷ್ಟು ಚೆಂದ! ಹಗರಿಯ ದಂಡೆಯಲ್ಲಿರುವ ಗುಳ್ಯಂ ಕಡೆ ಹೋದಾಗ ನನ್ನ ಫೋನು ಒಮ್ಮೊಮ್ಮೆ ಹೊಳೆಯಾಚೆಯ ಬಳ್ಳಾರಿ ಸೀಮೆಯ ಟವರು ಹಿಡಿಯುತ್ತದೆ. ಆಗ ಅಚ್ಚಗನ್ನಡದಲ್ಲಿ "ಗುಡುಗು ಸಿಡಿಲು ಸಹಿತ ಮಳೆ" ಅಂತ ಸಂದೇಶ ಬರುತ್ತದೆ. ನಾಲ್ಕು ಹೆಜ್ಜೆ ಈಚೆ ಬಂದರೆ ಅದೇ ಮೋಡಕ್ಕೆ ಪಿಡುಗು! ಮೋಡಕ್ಕೆ ಗಡಿ ಇಲ್ಲ, ನೀರಿಗಂತೂ ಮೊದಲೇ ಇಲ್ಲ. 2022ರಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಆ ವೇದಾವತಿಯ ನೀರು ಆಂಧ್ರ, ಕರ್ನಾಟಕ ಅಂತ ನೋಡದೆ ಹರಿಯಿತು. ಎಚ್ಚರಿಕೆಗೆ ಮಾತ್ರ ಚೆಕ್‌ಪೋಸ್ಟು.

ಈ ಗಡಿ ಹೇಗೆ ಬಂತು ಅನ್ನುವುದು ನಮ್ಮ ಮಕ್ಕಳಿಗೆ ಪಾಠದಲ್ಲಿ ಸಿಗುವುದಿಲ್ಲ. ಆದೋನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಈ ಮೂರು ಆಂಧ್ರಕ್ಕೆ, ಬಳ್ಳಾರಿ ಸೇರಿ ಉಳಿದವು ಮೈಸೂರಿಗೆ. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ಹಳೇ ಗಾಯ ಕೆರೆಯಲು ಇದನ್ನು ಹೇಳುತ್ತಿಲ್ಲ. ಗಡಿ ಬದಲಿಸಿ ಅಂತ ನಾನು ಕೇಳುವುದಿಲ್ಲ, ಕೇಳಿ ಸಾಕಾಗಿ ಸತ್ತವರ ತಲೆಮಾರು ಮುಗಿಯಿತು. ಆದರೆ ಗಡಿ ಹಾಕಿದವರು ಗಡಿಯೊಳಗೆ ಉಳಿದವರಿಗೆ ಕೆಲವು ಮಾತು ಕೊಟ್ಟಿದ್ದರು, ಅದನ್ನು ಕೇಳುವ ಹಕ್ಕಿದೆ.

ಏನದು ಮಾತು? 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಆದಾಗ ಕೇಂದ್ರ ಸರಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಂದು ಜ್ಞಾಪನಪತ್ರ ಹೊರಡಿಸಿತು. ಸಂವಿಧಾನಕ್ಕೆ ಅದೇ ವರ್ಷ 350ಎ, 350ಬಿ ವಿಧಿಗಳು ಸೇರಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ನಮಗೆ ಗೊತ್ತು, ನಮ್ಮ ಶಾಲೆಗಳು ನಿಂತಿರುವುದೇ ಅದರ ಮೇಲೆ. ಅದರ ಜೊತೆಗೇ ಇನ್ನೊಂದು ಮಾತು ಇತ್ತು, ಅದನ್ನು ಮರೆತಿದ್ದೇವೆ: ಜನಸಂಖ್ಯೆಯ ನೂರಕ್ಕೆ 15ರಿಂದ 20ರಷ್ಟು ಒಂದು ಭಾಷೆಯವರಿದ್ದರೆ ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕು. 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಇದು ಜಿಲ್ಲೆಗೆ ಮಾತ್ರವಲ್ಲ, ಅದರ ಕೆಳಗಿನ ಪುರಸಭೆ, ತಾಲೂಕಿನ ಮಟ್ಟಕ್ಕೂ ಅನ್ವಯಿಸಲಿ ಅಂತ ಒಪ್ಪಿಕೊಂಡರು. 1966ರ ಆಂಧ್ರದ ಅಧಿಕೃತ ಭಾಷಾ ಕಾಯ್ದೆಯೂ ಬೇಕಾದ ಕಡೆ ತೆಲುಗಿನ ಜೊತೆಗೆ ಬೇರೆ ಭಾಷೆ ಬಳಸಲು ಸರಕಾರಕ್ಕೆ ಎಡೆ ಕೊಟ್ಟಿದೆ.

ಇದನ್ನು ಹೇಳಿದರೆ ಕಚೇರಿಯವರ ಉತ್ತರ ಸಿದ್ಧವಾಗಿರುತ್ತದೆ: "ಜಿಲ್ಲೆಯಲ್ಲಿ ಕನ್ನಡದವರು ಅಷ್ಟಿಲ್ಲ." ಜಿಲ್ಲೆಯ ಲೆಕ್ಕದಲ್ಲಿ ನಾವು ಮಜ್ಜಿಗೆಯಲ್ಲಿ ಉಪ್ಪಿನ ಹಾಗೆ ಕರಗುತ್ತೇವೆ, ಒಪ್ಪಿದೆ. ಆದರೆ ಹಳ್ಳ ಜಿಲ್ಲೆಯ ಲೆಕ್ಕದಲ್ಲಿ ಬರುವುದಿಲ್ಲ ಸ್ವಾಮಿ, ಊರಿನ ಲೆಕ್ಕದಲ್ಲಿ ಬರುತ್ತದೆ. ಹಾಲಹರವಿ, ಹೊಳಗುಂದ, ಕೌತಾಳಂ ಮಂಡಲಗಳ ಗಡಿಯ ಊರುಗಳಲ್ಲಿ ಹೋಗಿ ಎಣಿಸಿ. ಸರಕಾರವೇ ಕನ್ನಡ ಶಾಲೆ ನಡೆಸುವ ಊರಲ್ಲಿ ಕನ್ನಡದವರಿದ್ದಾರೋ ಇಲ್ಲವೋ ಅಂತ ಸಂಶಯವಾದರೂ ಹೇಗೆ ಬರುತ್ತದೆ? ಗಣಿತ, ವಿಜ್ಞಾನ, ಸಮಾಜ ಕಲಿಸಲು ಕನ್ನಡ ಬೇಕು ಅಂತ ಒಪ್ಪಿದ ಸರಕಾರ, ಪ್ರಾಣ ಉಳಿಸಿಕೊಳ್ಳಲು ಮಾತ್ರ ತೆಲುಗು ಸಾಕು ಅನ್ನುವುದು ಯಾವ ನ್ಯಾಯ?

ನಾನು ಎರಡು ವರ್ಷದ ಹಿಂದೆ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಒಂದೇ ಪುಟ. ತೆಗೆದುಕೊಂಡವರು ಓದಿ, "ಸಾರ್, ಇದು ಭಾಷೆ ವಿಷಯ, ನಮ್ಮದಲ್ಲ" ಅಂದರು. ಭಾಷೆಯವರ ಹತ್ತಿರ ಹೋದರೆ, "ಇದು ವಿಪತ್ತಿನ ವಿಷಯ, ನಮ್ಮದಲ್ಲ" ಅಂದರು. ಇಬ್ಬರೂ ಟೀ ಕೊಟ್ಟರು, ಅದನ್ನು ಅಲ್ಲಗಳೆಯುವುದಿಲ್ಲ.

ಇದು ನಮ್ಮೊಬ್ಬರ ಹಠ ಅಂತ ತಿಳಿಯಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ನ್ಯೂಯಾರ್ಕ್ ನಗರದಲ್ಲಿ ಐಡಾ ಚಂಡಮಾರುತದ ಉಳಿಕೆ ಮಳೆ ಸುರಿದಾಗ ನೆಲಮಾಳಿಗೆಯ ಮನೆಗಳಲ್ಲಿ ಕನಿಷ್ಠ 11 ಜನ ಮುಳುಗಿ ಸತ್ತರು. ಬಹಳ ಜನ ಏಷ್ಯಾದಿಂದ ಹೋಗಿ ನೆಲೆಸಿದವರು. ಅಲ್ಲಿಯ ಹವಾಮಾನ ಸೇವೆ ಎಚ್ಚರಿಕೆ ಕೊಟ್ಟಿತ್ತು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ಆ ರಾಜ್ಯದ ಅಟಾರ್ನಿ ಜನರಲ್ ಅವರೇ ಆಮೇಲೆ, ಇನ್ನಷ್ಟು ಭಾಷೆಗಳಲ್ಲಿ ಕೊಡಿ ಅಂತ ಪತ್ರ ಬರೆದರು. ಅಮೆರಿಕದ ದೊಡ್ಡ ಪಟ್ಟಣದಲ್ಲಿ ಆದದ್ದು ಕೌತಾಳಂನಲ್ಲಿ ಆಗುವುದಿಲ್ಲ ಅನ್ನುತ್ತೀರಾ? ದೂರ ಯಾಕೆ, 2024ರ ಸೆಪ್ಟೆಂಬರ್ 1ರಂದು ವಿಜಯವಾಡದಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಲ್ಲಿ ನಿಂತವು. ಅದೂ ಒಂದು ವಾಗು, ನಮ್ಮ ಮಾತಿನಲ್ಲಿ ಹಳ್ಳವೇ. ಹಳ್ಳ ಏನು ಮಾಡಬಲ್ಲದು ಅನ್ನುವುದನ್ನು ಈ ರಾಜ್ಯಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ನವೆಂಬರ್ ಒಂದಕ್ಕೆ ಬಾವುಟ ಹಿಡಿದು ಬರುತ್ತೇವೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಅಕ್ಷರ ಸಣ್ಣದಾದರೆ ಭಾಷಣ ಮಾಡುತ್ತೇವೆ. ಬಳ್ಳಾರಿಯಿಂದ, ಬೆಂಗಳೂರಿನಿಂದ ಅತಿಥಿಗಳು ಬಂದು "ಗಡಿನಾಡ ಕನ್ನಡಿಗರ ಜೊತೆ ನಾವಿದ್ದೇವೆ" ಅಂತ ಶಾಲು ಹೊದೆಸಿ ಹೋಗುತ್ತಾರೆ. ನನ್ನ ಬಳಿಯೂ ಮೂರು ಶಾಲು ಇವೆ. ಆ ವೇದಿಕೆಗಳಲ್ಲಿ ಒಂದು ಸಲವಾದರೂ "ಸಿಡಿಲಿನ ಎಚ್ಚರಿಕೆ ಕನ್ನಡದಲ್ಲಿ ಬರಲಿ" ಅಂತ ಯಾರಾದರೂ ಕೇಳಿದ್ದು ನಾನು ಕೇಳಿಲ್ಲ. ದೇಶದಲ್ಲಿ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ, ಬಹುಪಾಲು ಹೊಲದಲ್ಲಿ ಇದ್ದವರು, ಮರದ ಕೆಳಗೆ ನಿಂತವರು. ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ನಮ್ಮ ತಾಯಂದಿರಿಗೆ ಬೋರ್ಡಿನ ಅಕ್ಷರಕ್ಕಿಂತ ಇದು ಮುಖ್ಯ. ಮಂತ್ರಾಲಯಕ್ಕೆ ಬರುವ ಕರ್ನಾಟಕದ ಭಕ್ತರೂ ಸ್ವಲ್ಪ ಯೋಚಿಸಲಿ. ಸ್ನಾನಕ್ಕೆ ನದಿಗೆ ಇಳಿದವರ ಫೋನಿಗೆ ಬರುವ ಸಂದೇಶ ಅವರಿಗಾದರೂ ಓದಲು ಬರುತ್ತದೆಯೇ?

ಇನ್ನೊಂದು ವಿಷಯ. ಸಂದೇಶ ಕನ್ನಡದಲ್ಲಿ ಬಂದುಬಿಟ್ಟರೂ ಮುಗಿಯಲಿಲ್ಲ. ನಮ್ಮ ಸೀಮೆ ವಲಸೆಯ ಸೀಮೆ. ಅಪ್ಪ ಅಮ್ಮ ಗುಂಟೂರು ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು, ಇಲ್ಲವೇ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮಕ್ಕಳು ಅಜ್ಜಿಯ ಹತ್ತಿರ. ಫೋನು ಅಪ್ಪನ ಜೇಬಿನಲ್ಲಿ. ಟವರು ನೋಡಿ ಕಳಿಸುವ ಎಚ್ಚರಿಕೆ ಆ ಅಪ್ಪನಿಗೆ ಬೆಂಗಳೂರಿನ ಮಳೆಯ ಸುದ್ದಿ ಹೇಳುತ್ತದೆ, ಹಳ್ಳ ದಾಟುವ ಮಗಳ ಸುದ್ದಿಯನ್ನಲ್ಲ. ಅಜ್ಜಿಗೆ ಯಾವ ಲಿಪಿಯೂ ಬರುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಕೊಡಿ ಅಂದರೆ ಬರೀ ಅಕ್ಷರದಲ್ಲಿ ಕೊಡಿ ಅಂತಲ್ಲ, ಬಾಯಲ್ಲಿ ಕೊಡಿ ಅಂತ. ಹಿಂದೆ ಡಂಗುರ ಇತ್ತು. ತಳವಾರ ಹಲಗೆ ಬಡಿದು "ಕೇಳ್ರಪ್ಪೋ ಕೇಳ್ರಿ" ಅಂತ ಕೂಗಿದರೆ ಓದು ಬರದವರಿಗೂ ತಿಳಿಯುತ್ತಿತ್ತು. ಈಗ 2019ರಿಂದ ಊರೂರಿಗೆ ಸಚಿವಾಲಯ ಬಂದಿದೆ. ಅಲ್ಲಿಯವರು ಗುಡಿಯ ಮೈಕಿನಲ್ಲಿ, ಮಸೀದಿಯ ಮೈಕಿನಲ್ಲಿ ಊರಿನ ಮಾತಿನಲ್ಲಿ ಎರಡು ವಾಕ್ಯ ಹೇಳಲು ಎಷ್ಟು ಖರ್ಚು? "ಗುಡ್ಡದಾಗ ಮಳಿ ಹೊಡ್ದೈತಿ. ಕತ್ತಲಾಗೋ ತನಕ ಹಳ್ಳ ದಾಟಬ್ಯಾಡ್ರಿ." ಆಯಿತು. ಇದರಲ್ಲಿ ಅಪ್ರಮತ್ತವೂ ಇಲ್ಲ, ಅವಕಾಶವೂ ಇಲ್ಲ. ಎಲ್ಲಿ, ಎಷ್ಟು ಹೊತ್ತು, ಏನು ಮಾಡಬಾರದು, ಮೂರೂ ಇದೆ. ಇಡೀ ಜಿಲ್ಲೆಗೆ ಹಳದಿ ಬಣ್ಣ ಬಳಿದು ಕಳಿಸುವ ಸಂದೇಶದಲ್ಲಿ ಈ ಮೂರೂ ಇಲ್ಲ. ಹತ್ತು ಸಲ ಬಂದು ಹತ್ತು ಸಲವೂ ನಮ್ಮೂರಲ್ಲಿ ಮಳೆಯಾಗದಿದ್ದರೆ ಹನ್ನೊಂದನೇ ಸಲ ಯಾರು ನೋಡುತ್ತಾರೆ? ನಾನೇ ಆವತ್ತು ಅದನ್ನು ತಮಾಷೆಗೆ ಮಕ್ಕಳ ಕೈಗೆ ಕೊಟ್ಟೆನಲ್ಲ! ಓದಲು ಬರುವ ಮೇಷ್ಟ್ರೇ ಹಾಗೆ ಮಾಡಿದ ಮೇಲೆ ಉಳಿದವರನ್ನು ಏನನ್ನಲಿ.

ಆವತ್ತಿನಿಂದ ನಮ್ಮ ಶಾಲೆಯಲ್ಲಿ ಒಂದಷ್ಟು ಮಾಡಿದ್ದೇವೆ, ದೊಡ್ಡದೇನಲ್ಲ. ತಗ್ಗು ಸೇತುವೆಯ ಕಲ್ಲಿಗೆ ಮಕ್ಕಳ ಮೊಣಕಾಲಿನ ಕೆಳಗೆ ಬರುವ ಹಾಗೆ ಕೆಂಪು ಪಟ್ಟಿ ಬಳಿದಿದ್ದೇವೆ. ಆದರೆ ಮಕ್ಕಳಿಗೆ ಹೇಳಿರುವುದು, ಪಟ್ಟಿ ಮುಳುಗುವ ತನಕ ಕಾಯಬೇಡಿ, ನೀರು ಸೇತುವೆ ಹತ್ತಿದರೆ ಸಾಕು, ಹಿಂದಕ್ಕೆ ಬನ್ನಿ. ಹಳ್ಳದ ಬಣ್ಣ ತಟ್ಟನೆ ಕೆಂಪಾದರೆ, ಕಡ್ಡಿ ಕಸ ತೇಲಿ ಬಂದರೆ, ಮೇಲಿನಿಂದ ಗುಂಯ್ ಅನ್ನುವ ಸದ್ದು ಬಂದರೆ ದಂಡೆ ಹತ್ತಬೇಕು. ಮಿಂಚು ಕಂಡಮೇಲೆ ಗುಡುಗು ಕೇಳುವ ತನಕ ಎಣಿಸುವುದನ್ನು ಐದನೇ ತರಗತಿಯಿಂದ ಕಲಿಸುತ್ತೇವೆ. ಮೂರು ಎಣಿಸಿದರೆ ಒಂದು ಕಿಲೋಮೀಟರು. ಮೂವತ್ತರೊಳಗೆ ಗುಡುಗಿದರೆ ಒಳಗೆ ಬರಬೇಕು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಕಾಲಿಡಬಾರದು. ಮಕ್ಕಳಿಗೆ ಇದು ಆಟ, ಎಣಿಕೆಯೂ ಪಾಠವಾಯಿತು. ಗುಡ್ಡದ ಕಡೆಯ ಊರಿನ ಒಬ್ಬರ ನಂಬರು ಶಾಲೆಯ ಗೋಡೆಯ ಮೇಲಿದೆ. ಮಧ್ಯಾಹ್ನ ಮೂರೂವರೆಗೆ ಅವರಿಗೆ ಫೋನು ಮಾಡಿ "ಮಳಿ ಐತಾ ಅಣ್ಣಾ?" ಅಂತ ಕೇಳಿ ಆಮೇಲೆ ಬೆಲ್. ಮಳೆ ಇದ್ದರೆ ಹಳ್ಳದ ಆಚೆಯ ಮಕ್ಕಳು ಊರಲ್ಲೇ ಉಳಿಯಬೇಕು, ಯಾವ ಮಗು ಯಾವ ಮನೆಯಲ್ಲಿ ಅಂತ ಮೊದಲೇ ಬರೆದಿಟ್ಟಿದ್ದೇವೆ.

ಆದರೆ ಮೇಷ್ಟ್ರು ಬಣ್ಣದ ಡಬ್ಬಿ ಹಿಡಿದು ಮಾಡುವ ಕೆಲಸ ಸರಕಾರದ ಕೆಲಸಕ್ಕೆ ಬದಲಿ ಅಲ್ಲ. ಅದಕ್ಕೇ ಮತ್ತೆ ಅರ್ಜಿ ಬರೆದಿದ್ದೇನೆ. ಈ ಸಲ ಮೂರೇ ಬೇಡಿಕೆ: ಕನ್ನಡ ಮಾಧ್ಯಮ ಶಾಲೆ ಇರುವ ಪ್ರತಿ ಊರಿನ ಟವರಿಗೆ ಸಿಡಿಲು, ಹಳ್ಳದ ಎಚ್ಚರಿಕೆ ಕನ್ನಡದಲ್ಲೂ ಬರಲಿ, ಅದೇ ಹೊತ್ತಿಗೆ ಸಚಿವಾಲಯದವರು ಮೈಕಿನಲ್ಲಿ ಊರಿನ ಮಾತಿನಲ್ಲಿ ಹೇಳಲಿ, ಹಳ್ಳ ದಾಟಿ ಬರುವ ಮಕ್ಕಳಿರುವ ಶಾಲೆಯ ಮುಖ್ಯೋಪಾಧ್ಯಾಯರಿಗೆ ಮಳೆಯ ಕಾರಣಕ್ಕೆ ಬೇಗ ಬಿಡುವ, ತಡೆದಿಟ್ಟುಕೊಳ್ಳುವ ಅಧಿಕಾರ ಲಿಖಿತವಾಗಿ ಸಿಗಲಿ. ಒಬ್ಬನೇ ಕೊಟ್ಟರೆ ಮತ್ತೆ ಟೀ ಕುಡಿದು ಬರಬೇಕಾಗುತ್ತದೆ. ನಿಮ್ಮ ಶಾಲೆಯ ಪೋಷಕರ ಕಮಿಟಿಯಲ್ಲಿ ಇಟ್ಟು ಸಹಿ ಹಾಕಿಸಿ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಮಡಕಶಿರಾ ಕಡೆಯ ಮೇಷ್ಟ್ರುಗಳೂ ನಿಮ್ಮಲ್ಲಿ ಎಚ್ಚರಿಕೆ ಯಾವ ಭಾಷೆಯಲ್ಲಿ ಬರುತ್ತದೆ ಅಂತ ಬರೆದು ತಿಳಿಸಿ. ಅರ್ಜಿ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ತೆಲುಗು ಪ್ರತಿಯನ್ನು ನಮ್ಮ ಶಾಲೆಯ ತೆಲುಗು ಪಂಡಿತರೇ ತಿದ್ದಿಕೊಟ್ಟಿದ್ದಾರೆ, ಅಪ್ರಮತ್ತ ಪದವನ್ನು ಅವರೇ ಹೊಡೆದು ಹಾಕಿದರು. ಬೇಕಾದವರು ಕೇಳಿ, ಎರಡೂ ಕಳಿಸುತ್ತೇನೆ.